ಒದ್ದೆ ಕಂಬಳಿಯ ಸುತ್ತೋಲೆ

ನನ್ನ ಹೆಂಡತಿಯ ಪ್ರಕಾರ ನನಗಿರುವ ಕಾಯಿಲೆ ಒಂದೇ. ಕೆಟ್ಟುಹೋದ ಯಂತ್ರವೊಂದು ಎದುರಿಗೆ ಕಂಡರೆ ಸಾಕು, ನನ್ನ ಬಾಯಿ ನನ್ನನ್ನು ಕೇಳದೆಯೇ "ಅದೇನು ಮಹಾ" ಎಂದುಬಿಡುತ್ತದೆ. ಹೀಗೆ ಅಂದ ಮೇಲೆ ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಮಹಡಿ ಮೇಲಿನ ಟೈಲರ್ ಅಕ್ಕನ ಟೇಬಲ್ ಫ್ಯಾನು ಒಂದಾದ ಮೇಲೊಂದು ಗುಜರಿ ಸೇರಿದವು. ಫ್ಯಾನಿನ ವಿಷಯದಲ್ಲಿ ಮಾತ್ರ ನನ್ನ ತಪ್ಪಿಲ್ಲ. ನಾನು ಮುಟ್ಟುವ ಮೊದಲು ಅದು ಸ್ವಲ್ಪ ಸ್ವಲ್ಪ ತಿರುಗುತ್ತಿತ್ತು, ಆ ಆಸೆಯೇ ನಮ್ಮಿಬ್ಬರನ್ನೂ ಹಾಳು ಮಾಡಿತು.

ಉದ್ಯೋಗದಲ್ಲಿ ನಾನು ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದ ಗುಮಾಸ್ತ. ಮನೆಮನೆಗೆ ಹೋಗಿ ಮೀಟರ್ ಓದುವವರು ತಂದ ಅಂಕಿಗಳನ್ನು ಹದಿನಾಲ್ಕು ವರ್ಷದಿಂದ ಸಣ್ಣ ಪುಸ್ತಕದಿಂದ ದೊಡ್ಡ ಪುಸ್ತಕಕ್ಕೆ ಇಳಿಸುತ್ತಿದ್ದೇನೆ. ಮೀಟರನ್ನು ಕಣ್ಣಾರೆ ಕಂಡದ್ದು ಎರಡೇ ಸಲ. ಎರಡು ಸಲವೂ ಅದರ ಮುಚ್ಚಳ ತೆಗೆಯುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಆದರೂ ನೆಂಟರಿಷ್ಟರ ನಡುವೆ ನಾನು ಯಂತ್ರ ಬಲ್ಲವನೆಂದೇ ಹೆಸರಾಗಿದ್ದೆ, ಆ ಹೆಸರನ್ನು ಕೆಡಿಸಿಕೊಳ್ಳಲು ಯಾವ ಗಂಡಸಿಗೆ ಮನಸ್ಸು ಬರುತ್ತದೆ ಹೇಳಿ.

ಈ ಸಲ ಎದುರಿಗೆ ಬಂದದ್ದು ನನ್ನ ಹೆಂಡತಿಯ ತಂದೆಯವರ, ಅಂದರೆ ನಮ್ಮ ಮಾವನವರ ರೇಡಿಯೋ ಟ್ಯೂನರ್. ಹಳೇ ಕಾಲದ್ದು, ತೇಗದ ಪೆಟ್ಟಿಗೆ, ಒಳಗೆ ಸಣ್ಣ ಬಲ್ಬುಗಳ ಹಾಗೆ ಉರಿಯುವ ಆರು ವಾಲ್ವುಗಳು. ಅದರೊಳಗೆ ಸ್ಪೀಕರ್ ಇಲ್ಲ. ಹಿಂದಿನಿಂದ ಒಂದು ತಂತಿ ಹೊರಟು ಪಕ್ಕದ ಇನ್ನೊಂದು ಪೆಟ್ಟಿಗೆಗೆ ಹೋಗುತ್ತದೆ, ಧ್ವನಿ ಬರುವುದು ಅಲ್ಲಿಂದ. ಟ್ಯೂನರಿನ ಮುಖದ ನಡುವೆ ಕೋಟಿನ ಗುಂಡಿಯಷ್ಟು ದೊಡ್ಡ ಒಂದು ಹಸಿರು ಕಣ್ಣು. ಸ್ಟೇಷನ್ ಸಿಗದಿದ್ದಾಗ ಆ ಹಸಿರಿನ ನಡುವೆ ಕಪ್ಪು ಸಂದು ಬಾಯ್ದೆರೆದಿರುತ್ತದೆ. ಮುಳ್ಳು ಸ್ಟೇಷನ್ನಿನ ಹತ್ತಿರ ಬಂದಂತೆಲ್ಲ ಸಂದು ಕಿರಿದಾಗಿ, ಸರಿಯಾಗಿ ಸಿಕ್ಕ ಕ್ಷಣಕ್ಕೆ ನೂಲಿನೆಳೆಯಷ್ಟಾಗಿ ಮುಚ್ಚಿಕೊಳ್ಳುತ್ತದೆ. ಸ್ಟೇಷನ್ ಸಿಕ್ಕಿತು ಎಂದು ಸಾಕ್ಷಿ ಹೇಳುವುದಷ್ಟೇ ಅದರ ಕೆಲಸ. ಆ ಭಾನುವಾರ ನಾವು ಊಟಕ್ಕೆ ಹೋದಾಗ ಆ ಸಾಕ್ಷಿ ಕೈಕೊಟ್ಟಿತ್ತು.

"ಮೂರು ವಾರದಿಂದ ಹೀಗೇ ಬಾಯಿ ಬಿಟ್ಕೊಂಡು ಕೂತಿದೆ," ಎಂದರು ಮಾವ. "ಒಂದು ಸ್ಟೇಷನ್ನೂ ಸಿಗ್ತಿಲ್ಲ."

ಮುಳ್ಳು ಎರಡು ಸ್ಟೇಷನ್ನುಗಳ ನಡುವೆ ನಿಂತಿತ್ತು, ಸ್ಪೀಕರಿನಿಂದ ಕರಕರ ಸದ್ದು ಬರುತ್ತಿತ್ತು. ನಾನು ಕೈ ಹಾಕಿ ಗುಂಡಿಯನ್ನು ಒಂದಿಷ್ಟು ತಿರುಗಿಸಿದೆ. ಪಿಟೀಲು ಜೇನು ಸುರಿದ ಹಾಗೆ ಹರಿದು ಬಂತು. ಕಣ್ಣು ಮಾತ್ರ ಮುಚ್ಚಲಿಲ್ಲ. ಮಾವ ಆ ಕಣ್ಣನ್ನೇ ನೋಡಿ, "ಸಿಕ್ಕಿಲ್ಲ ಬಿಡು," ಎಂದು ಗುಂಡಿಯನ್ನು ತಿರುಗಿಸಿ ಮತ್ತೆ ಕರಕರಕ್ಕೆ ತಂದು ನಿಲ್ಲಿಸಿದರು.

ಮಾವನವರು ಮೂವತ್ತೆರಡು ವರ್ಷ ಅಚ್ಚುಮನೆಯಲ್ಲಿ ದೊಡ್ಡ ಯಂತ್ರ ನಡೆಸಿದವರು. ಅವರದು ಹೇಳುವ ಸ್ವಭಾವ, ಕೇಳುವ ಸ್ವಭಾವವಲ್ಲ. ಒಂದೆರಡು ವರ್ಷದಿಂದಂತೂ ನಾನು ಏನು ಹೇಳಿದರೂ ನನ್ನ ಮುಖ ನೋಡಿ, ಸಂಬಂಧವೇ ಇಲ್ಲದ ಬೇರೆ ಮಾತು ತೆಗೆಯುತ್ತಿದ್ದರು. ಮಗಳ ಗಂಡನೆಂದು ಸಹಿಸಿಕೊಂಡಿದ್ದಾರೆ, ಲೆಕ್ಕಕ್ಕೆ ಇಟ್ಟಿಲ್ಲ ಎಂದು ನನಗೆ ಒಳಗೊಳಗೇ ಬೇಸರವಿತ್ತು. ಆ ಬೇಸರವೇ ಆ ದಿನ ಬಾಯಿಗೆ ಬಂತು.

"ಅದೇನು ಮಹಾ," ಎಂದೆ. "ನಾನು ಸರಿ ಮಾಡಿಕೊಡ್ತೀನಿ." ಹೇಳಿದ್ದು ಸಾಲದೆಂದು ಎದೆ ಮುಟ್ಟಿಕೊಂಡು ತೋರಿಸಿದೆ.

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತಡವಾಗಿತ್ತು. ಮಾವ ನಮ್ಮ ಮದುವೆಯಾದ ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ನೋಡಬೇಕಾದ ರೀತಿಯಲ್ಲಿ ನೋಡಿದರು.

"ಮುಂದಿನ ಭಾನುವಾರ ಸಾಯಂಕಾಲ ನಾಲ್ಕಕ್ಕೆ ಪಿಟೀಲಿನ ಕಾರ್ಯಕ್ರಮ ಇದೆ. ವರ್ಷಕ್ಕೆ ಒಂದೇ ಸಲ ಬರೋದು. ನಾನೇ ನಿಮ್ಮನೆಗೆ ಬಂದು ಅಲ್ಲೇ ಕೇಳಿ, ಆಮೇಲೆ ಪೆಟ್ಟಿಗೆ ತಗೊಂಡು ಹೋಗ್ತೀನಿ," ಎಂದರು.

ಟ್ಯೂನರು, ಸ್ಪೀಕರು ಎರಡು ಪೆಟ್ಟಿಗೆಯನ್ನೂ ಮನೆಗೆ ತಂದು, ಸೋಮವಾರ ಸಂಜೆ ಟ್ಯೂನರಿನ ಹಿಂದಿನ ಹಲಗೆ ಬಿಚ್ಚಿದೆ. ಮೊದಲು ಪ್ಲಗ್ ತೆಗೆಯಬೇಕು ಎಂಬುದು ನನಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದುದು ನೆನಪಾಗುವಷ್ಟರಲ್ಲಿ ನಾನು ಸೋಫಾದ ಮೇಲೆ ಬಿದ್ದಿದ್ದೆ, ಬೆರಳಿನಿಂದ ಭುಜದವರೆಗೆ ಜುಮ್ ಎನ್ನುತ್ತಿತ್ತು. ಹೆಂಡತಿ ಅಡುಗೆಮನೆಯಿಂದ ಇಣುಕಿ, ಪೆಟ್ಟಿಗೆಗೆ ಏನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋದಳು.

ಮಂಗಳವಾರ, ಯಾರಿಗೂ ಹೇಳದೆ, ಹಳೇ ಪೇಟೆಯ ಗಲ್ಲಿಯಲ್ಲಿದ್ದ ರೇಡಿಯೋ ಮೆಕ್ಯಾನಿಕ್ಕಿನ ಅಂಗಡಿಗೆ ಹೋದೆ. ಆತ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮಾತನಾಡುವ ಮನುಷ್ಯ.

"ನನ್ನ ಸ್ನೇಹಿತನೊಬ್ಬನ ಟ್ಯೂನರ್," ಎಂದು ಶುರು ಮಾಡಿದೆ.

"ಹಸಿರು ಕಣ್ಣು ಮುಚ್ಚಲ್ಲ, ಧ್ವನಿ ಚೆನ್ನಾಗಿದೆ, ಅಷ್ಟೇ ತಾನೆ? ಆ ಕಣ್ಣಿನ ವಾಲ್ವ್ ಕೂರೋ ಬುಡದಲ್ಲಿ ಒಂದು ಚಿಕ್ಕ ರೆಸಿಸ್ಟರ್ ಇರುತ್ತೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅದು ಮುದಿಯಾಗಿದೆ. ಪೆಟ್ಟಿಗೆ ತನ್ನಿ, ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷದ ಕೆಲಸ ಎಂದದ್ದೇ ತಪ್ಪಾಯಿತು. ಹತ್ತು ದಿನದ ಕೆಲಸ ಎಂದಿದ್ದರೆ ಮರ್ಯಾದೆಯಾಗಿ ಪೆಟ್ಟಿಗೆ ತಂದು ಒಪ್ಪಿಸುತ್ತಿದ್ದೆ. ಹತ್ತು ನಿಮಿಷದ ಕೆಲಸವನ್ನು ಮತ್ತೊಬ್ಬನ ಕೈಲಿ ಮಾಡಿಸಿದ್ದೇನೆಂದು ನಾಳೆ ಗೊತ್ತಾದರೆ ನನ್ನ ಮುಖ ಎಲ್ಲಿಡಲಿ?

"ಬೇರೆ ದಾರಿ ಏನಾದ್ರೂ ಇದೆಯಾ?" ಎಂದೆ.

"ಅಲೆ ಹಿಡಿಯೋ ತಂತಿ, ಏರಿಯಲ್, ಅದು ಜೋರಾಗಿದ್ರೆ ಮುದಿ ಕಣ್ಣೂ ಮುಚ್ಚುತ್ತೆ," ಎಂದು ಆತ ಭೂತಗನ್ನಡಿ ತೆಗೆದು ನನ್ನನ್ನು ಒಮ್ಮೆ ಬರಿಗಣ್ಣಿನಿಂದ ನೋಡಿದ. "ಆದ್ರೆ ಯಾಕೆ?"

ಯಾಕೆ ಎಂಬುದು ನನಗೆ ಸಂಬಂಧಿಸಿದ ಪ್ರಶ್ನೆಯಾಗಿರಲಿಲ್ಲ.

ನಮ್ಮದು ಮೂರಂತಸ್ತಿನ ಬಾಡಿಗೆ ಕಟ್ಟಡ. ತಾರಸಿಯ ಮೇಲೆ ಎಲ್ಲ ಮನೆಗಳಿಗೂ ಸೇರಿದ ಒಂದು ಉದ್ದನೆಯ ಕಬ್ಬಿಣದ ತಂತಿಯಿದೆ, ಬಟ್ಟೆ ಒಣಹಾಕಲು. ಅದಕ್ಕಿಂತ ಒಳ್ಳೆಯ ಏರಿಯಲ್ ಬೇಕೆ? ಟ್ಯೂನರಿನಿಂದ ತಂತಿ ಎಳೆದು ಅದಕ್ಕೆ ಗಂಟು ಹಾಕಿ ಬಂದೆ. ಕಣ್ಣು ಮೊದಲಿನ ಹಾಗೇ ಆಕಳಿಸುತ್ತಿತ್ತು. ಒಂದು ಗಂಟೆ ಅದನ್ನೇ ನೋಡುತ್ತ ಕುಳಿತು ನನಗೂ ಆಕಳಿಕೆ ಬಂತು. ಬಾಯಿ ತೆರೆದವನು ತೆರೆದ ಹಾಗೇ ಉಳಿದೆ. ಹಸಿರು ಕಣ್ಣು ಗಪ್ಪನೆ ಮುಚ್ಚಿಕೊಂಡಿತ್ತು, ಒಂದೆಳೆ ಸಂದೂ ಇಲ್ಲದ ಹಾಗೆ.

ಎರಡು ಮಹಡಿ ಒಂದೇ ಉಸಿರಿಗೆ ಹತ್ತಿದೆ. ಟೈಲರ್ ಅಕ್ಕ ಆಗತಾನೇ ಒಂದು ಒದ್ದೆ ಕಂಬಳಿಯನ್ನು ತಂತಿಗೆ ಹಾಕಿ ನಿಂತಿದ್ದಳು. ನನ್ನ ಮುಖ ನೋಡಿ ತಾನೇನೋ ತಪ್ಪು ಮಾಡಿದೆನೆಂದುಕೊಂಡು ಕಂಬಳಿ ಎಳೆದುಕೊಂಡಳು.

"ತೆಗೀಬೇಡಿ ಅಕ್ಕ. ಹಾಕಿ."

ಹಾಕಿದಳು. ನಾನು ಕೆಳಗೆ ಓಡಿ ನೋಡಿದೆ. ಮುಚ್ಚಿತ್ತು. ಮೇಲೆ ಓಡಿ, "ಈಗ ತೆಗೀರಿ," ಎಂದೆ. ತೆಗೆದಳು. ಕೆಳಗೆ ಓಡಿದೆ. ತೆರೆದಿತ್ತು. ಐದನೇ ಸಲ ನಾನು ಮೇಲೆ ಬಂದಾಗ ಅಕ್ಕ ಕಂಬಳಿಯನ್ನು ಎದೆಗವಚಿಕೊಂಡು ನಿಂತಿದ್ದಳು.

"ನಿಮ್ಮನೆಯವರನ್ನ ಕರೀಲಾ?" ಎಂದಳು ಮೆಲ್ಲಗೆ.

ಕಂಬಳಿಯ ಭಾರಕ್ಕೆ ತಂತಿ ಜಗ್ಗಿ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಗೆ ತಾಗುತ್ತಿತ್ತು, ಆಗ ಏಣಿ ಟ್ಯಾಂಕು ಎಲ್ಲ ಸೇರಿ ದೊಡ್ಡ ಏರಿಯಲ್ ಆಗುತ್ತಿತ್ತು ಎಂದು ಬಹಳ ದಿನಗಳ ಮೇಲೆ ಮೆಕ್ಯಾನಿಕ್ ನನಗೆ ವಿವರಿಸಿದ. ಆ ಏಣಿಗೆ ಒಂದು ತುಂಡು ತಂತಿ ಸುತ್ತಿದ್ದರೆ ಮುಗಿಯುತ್ತಿತ್ತಂತೆ. ಆಗ ನನಗೆ ಹೊಳೆದಿದ್ದ ಸತ್ಯ ಒಂದೇ, ಒದ್ದೆ ಕಂಬಳಿ. ಪ್ರಯೋಗ ಮಾಡಿ ಇನ್ನೊಂದನ್ನೂ ಕಂಡುಹಿಡಿದೆ. ಕಂಬಳಿ ಒಣಗಿ ಹಗುರಾದರೆ ಕಣ್ಣು ತೆರೆಯುತ್ತದೆ, ಯಾರಾದರೂ ಪಕ್ಕದಲ್ಲಿ ಅಂಗಿ ಎಳೆದರೆ ಕಣ್ಣು ಮಿಟುಕುತ್ತದೆ. ಒಂದು ಗಂಟೆ ಕಾಲ ಅಲುಗಾಡದೆ ಮುಚ್ಚಿರಬೇಕಾದರೆ ಕನಿಷ್ಠ ಮೂರು ಒದ್ದೆ ಕಂಬಳಿ ಬೇಕು. ನಮ್ಮ ಮನೆಯಲ್ಲಿದ್ದದ್ದು ಒಂದು.

ಇಷ್ಟರ ತನಕ ಇದು ನನ್ನ ಮಾನದ ಪ್ರಶ್ನೆ ಮಾತ್ರವಾಗಿತ್ತು. ಬುಧವಾರ ಸಂಜೆ ಅತ್ತೆ ಬಂದರು. ಟ್ಯೂನರಿಗೆ ಹೊದಿಸುವ ಬಟ್ಟೆ ಮರೆತಿದ್ದಿರಿ ಎಂಬ ನೆಪ. ಬಟ್ಟೆಯನ್ನು ಮಡಿಲಲ್ಲೇ ಇಟ್ಟುಕೊಂಡು ಹೇಳಿದರು.

"ಅವರಿಗೆ ಎರಡು ವರ್ಷದಿಂದ ಏನೂ ಕೇಳಿಸಲ್ಲ. ಅಚ್ಚುಮನೆ ಯಂತ್ರ ತಿಂದು ಉಳಿಸಿದ್ದು ಸ್ವಲ್ಪ ಇತ್ತು, ಅದೂ ಹೋಯ್ತು. ಯಾರಿಗೂ ಹೇಳಿಲ್ಲ. ನನಗೂ ಹೇಳಿಲ್ಲ, ನಾನೇ ತಿಳ್ಕೊಂಡಿದ್ದು."

ನನ್ನ ಹೆಂಡತಿ ಕೈಲಿದ್ದ ಲೋಟವನ್ನು ಕೆಳಗಿಟ್ಟಳು.

"ಮತ್ತೆ ದಿನಾ ಸಂಜೆ ರೇಡಿಯೋ ಕೇಳ್ತಾರಲ್ಲ?"

"ಕೇಳಲ್ಲ, ನೋಡ್ತಾರೆ. ನಮಗೆ ಕಿವಿ ಇದೆ, ಆ ಕಣ್ಣು ಮುಚ್ಚಿದ್ರೆ ಏನು, ತೆರೆದಿದ್ರೆ ಏನು. ಅವರಿಗೆ ಸ್ಟೇಷನ್ ಸಿಕ್ಕಿದ್ದು ಗೊತ್ತಾಗೋದು ಅದರಿಂದಲೇ. ಕಣ್ಣು ಮುಚ್ಚಿದ್ರೆ ತಲೆದೂಗ್ತಾ ಕೂರ್ತಾರೆ. ಅದು ಕೆಟ್ಟಾಗಿನಿಂದ ಗೋಡೆ ನೋಡ್ತಾ ಕೂತಿರ್ತಾರೆ." ಅತ್ತೆ ನನ್ನ ಕಡೆ ತಿರುಗಿದರು. "ಇದು ನಮಗೆ ಗೊತ್ತು ಅಂತ ಅವರಿಗೆ ಗೊತ್ತಾಗಬಾರದು. ಗೊತ್ತಾದ ದಿನ ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತೆ, ಅವರು ಮೂಲೆಗೆ ಹೋಗ್ತಾರೆ. ಸರಿ ಮಾಡ್ತೀರಿ ತಾನೆ?"

ಎರಡು ವರ್ಷದಿಂದ ನನ್ನನ್ನು ಲೆಕ್ಕಕ್ಕೆ ಇಟ್ಟಿಲ್ಲವೆಂದು ನಾನು ಮುಖ ಊದಿಸಿಕೊಂಡಿದ್ದ ಮನುಷ್ಯನಿಗೆ ನನ್ನ ಮಾತು ಕೇಳಿಸಿಯೇ ಇರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಅಂಥ ಹೊತ್ತಿನಲ್ಲಿ ಬುದ್ಧಿಯಿರುವ ಯಾರಾದರೂ ಪೆಟ್ಟಿಗೆ ಎತ್ತಿಕೊಂಡು ಮೆಕ್ಯಾನಿಕ್ಕಿನ ಹತ್ತಿರ ಓಡುತ್ತಿದ್ದರು. ನಾನು ಓಡಿದೆ, ನಿಜ. ಅಂಗಡಿಗೆ ಬೀಗ ಬಿದ್ದಿತ್ತು. ನೆಂಟರ ಮನೆಗೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ ಎಂದರು ಪಕ್ಕದ ಅಂಗಡಿಯವರು. ಇನ್ನು ಉಳಿದದ್ದು ಕಂಬಳಿಯ ದಾರಿ.

ಅಕ್ಕಪಕ್ಕದವರನ್ನು ಬಾಯಲ್ಲಿ ಕೇಳೋಣವೆಂದರೆ "ಯಾಕೆ" ಎನ್ನುತ್ತಾರೆ, ಯಾಕೆ ಎಂದು ಹೇಳುವಂತಿಲ್ಲ. ಹಾಗಾಗಿ ಗುರುವಾರ ಬೆಳಿಗ್ಗೆ ಒಂದು ಚೀಟಿ ಬರೆದು ಮೆಟ್ಟಿಲ ಗೋಡೆಗೆ ಅಂಟಿಸಿದೆ. ನಮ್ಮ ಮನೆಯಲ್ಲಿ ಕಾಗದ ಎಂದರೆ ಆಫೀಸಿನ ಕಾಗದವೇ, ತಲೆಯ ಮೇಲೆ ಕಚೇರಿಯ ಹೆಸರು ಅಚ್ಚಾಗಿರುತ್ತದೆ. ಕೈಗೂ ಹದಿನಾಲ್ಕು ವರ್ಷದ ಅಭ್ಯಾಸ, ಅದು ಒಂದೇ ಶೈಲಿಯಲ್ಲಿ ಬರೆಯುತ್ತದೆ. "ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬರುವ ಭಾನುವಾರ ಸಾಯಂಕಾಲ ನಾಲ್ಕರಿಂದ ಐದು ಗಂಟೆಯವರೆಗೆ ಪ್ರತಿ ಮನೆಯವರೂ ತಾರಸಿಯ ತಂತಿಯ ಮೇಲೆ ಒಂದು ಒದ್ದೆ ಕಂಬಳಿಯನ್ನು ತಪ್ಪದೆ ಹಾಕತಕ್ಕದ್ದು. ಸದರಿ ಅವಧಿಯಲ್ಲಿ ಇತರೆ ಬಟ್ಟೆಗಳನ್ನು ನಿಷೇಧಿಸಲಾಗಿದೆ." ಕೆಳಗೆ ಸಹಿ, ಸಹಿಯ ಕೆಳಗೆ ನನ್ನ ಹುದ್ದೆ. ಅಭ್ಯಾಸ ಬಲವಾದದ್ದು.

ಸಂಜೆ ಬರುವಷ್ಟರಲ್ಲಿ ಮೆಟ್ಟಿಲ ಬಳಿ ಗುಂಪು ಸೇರಿತ್ತು. ಕೆಳಮನೆಯಲ್ಲಿರುವ ನಿವೃತ್ತ ಡ್ರಿಲ್ ಮೇಷ್ಟ್ರು ಚೀಟಿಯ ಪಕ್ಕದಲ್ಲಿ ಕಾವಲು ನಿಂತಿದ್ದರು.

"ಒಳ್ಳೇ ಕೆಲಸ ಮಾಡಿದ್ರಿ," ಎಂದರು ನನ್ನ ಕೈ ಹಿಡಿದು. "ಈ ಕಟ್ಟಡದಲ್ಲಿ ಶಿಸ್ತು ಅನ್ನೋದೇ ಇರಲಿಲ್ಲ. ಯಾವಾಗ ಬೇಕಾದ್ರೂ ಒಗೀತಾರೆ, ಏನು ಬೇಕಾದ್ರೂ ಒಣಗಿಸ್ತಾರೆ. ಕೊನೆಗೂ ಇಲಾಖೆ ಕಣ್ಣು ಬಿಡ್ತು."

"ಇದು ಇಲಾಖೆದಲ್ಲ ಮೇಷ್ಟ್ರೇ, ನಾನೇ—"

"ನೀವೇ ಸಹಿ ಮಾಡಿದ್ದೀರಿ, ನೋಡಿದೆ. ಅಷ್ಟು ದೊಡ್ಡ ಜವಾಬ್ದಾರಿ ಕೊಟ್ಟಿದ್ದಾರೆ, ಸಂತೋಷ."

"ಸಿಂಗಲ್ ಕಂಬಳಿನಾ ಡಬಲ್ಲಾ?" ಎಂದಳು ಟೈಲರ್ ಅಕ್ಕ, ಕೊರಳಲ್ಲಿ ಅಳತೆ ಟೇಪು. ಈಗ ಅವಳಿಗೆ ನನ್ನ ಮೇಲೆ ಗೌರವ ಬಂದಿತ್ತು. ಮಂಗಳವಾರದ ಓಡಾಟ ಸರ್ಕಾರಿ ಪರೀಕ್ಷೆಯೆಂದು ಅವಳು ಅರ್ಥ ಮಾಡಿಕೊಂಡಿದ್ದಳು.

"ಹಾಕದಿದ್ರೆ ನಲ್ಲಿ ಕಟ್ ಮಾಡ್ತಾರಂತೆ," ಎಂದಿತು ಹಿಂದಿನಿಂದ ಒಂದು ಧ್ವನಿ.

"ಹಾಗಂತ ಯಾರು ಹೇಳಿದ್ದು?" ಎಂದೆ.

"ನೀವು ಹೇಳ್ಲಿಲ್ಲ, ಅದಕ್ಕೇ ಅನುಮಾನ ಬಂದಿದ್ದು," ಎಂದಿತು ಧ್ವನಿ.

ಡ್ರಿಲ್ ಮೇಷ್ಟ್ರು ಆ ಒಂದು ಚೀಟಿಯನ್ನು ಕೈಬರಹದಲ್ಲಿ ಮೂವತ್ತು ಪ್ರತಿ ಮಾಡಿ ಸುತ್ತಲಿನ ನಾಲ್ಕು ಬೀದಿಗಳಿಗೆ ಹಂಚಿದ್ದಾರೆಂದು ನನಗೆ ತಿಳಿದದ್ದು ಶನಿವಾರ, ಆಫೀಸಿನಲ್ಲಿ. ನನ್ನ ಮೇಜಿನ ಮುಂದೆ ಸಾಲು ನಿಂತಿತ್ತು. ಒಬ್ಬಳು ಮುದುಕಿ, ನನಗೆ ಕಂಬಳಿ ಇಲ್ಲ, ಜಮಖಾನ ನಡೆಯುತ್ತದೆಯೇ ಎಂದು ಕೇಳಲು ಬಂದಿದ್ದಳು. ಒಬ್ಬ ತನ್ನ ಕಂಬಳಿಯನ್ನು ಒದ್ದೆ ಮಾಡಿಯೇ ತಂದು, ಇಷ್ಟು ಒದ್ದೆ ಸಾಕೇ ಎಂದು ನನ್ನ ದೊಡ್ಡ ಪುಸ್ತಕದ ಮೇಲೆ ಹಿಂಡಿ ತೋರಿಸಿದ. ಅಷ್ಟರಲ್ಲಿ ಸೂಪರಿಂಟೆಂಡೆಂಟರಿಂದ ಕರೆ ಬಂತು.

ಅವರ ಮೇಜಿನ ಮೇಲೆ ಮೇಷ್ಟ್ರ ದುಂಡು ಅಕ್ಷರದ ಪ್ರತಿಯೊಂದು ಇತ್ತು. ಅದರ ಮೇಲೆ ಪೇಪರ್‌ವೇಟ್ ಇಟ್ಟು ಅವರು ಕನ್ನಡಕ ಒರೆಸುತ್ತಿದ್ದರು.

"ಇದು ಯಾವ ಸುತ್ತೋಲೆ?"

"ಸಾರ್, ಅದು..."

ನಿಜ ಹೇಳಿದರೆ ಮಾವನವರ ಗುಟ್ಟು ಇಡೀ ಆಫೀಸಿಗೆ, ಅಲ್ಲಿಂದ ಇಡೀ ಊರಿಗೆ. ಹೇಳದಿದ್ದರೆ ಕಚೇರಿಯ ಕಾಗದ ದುರುಪಯೋಗ, ಕೆಲಸಕ್ಕೇ ಸಂಚಕಾರ. ಎರಡೂ ಕಡೆ ನೋಡಿ ನಾನು ಮಧ್ಯದಲ್ಲಿ ಬಿದ್ದೆ.

"ಒತ್ತಡದ ಪರೀಕ್ಷೆ ಸಾರ್."

"ಕಂಬಳಿಯಿಂದ?"

"ಎಲ್ಲರೂ ಒಂದೇ ಹೊತ್ತಿಗೆ ಕಂಬಳಿ ಒದ್ದೆ ಮಾಡಿದ್ರೆ ಪೈಪಿನಲ್ಲಿ ಒತ್ತಡ ಎಷ್ಟು ಇಳಿಯುತ್ತೆ ಅಂತ."

ಅವರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಇದು ಮೇಲಿನಿಂದ ಬಂದಿದ್ದಾ?"

ಕಂಬಳಿ ಮೇಲಿನ ತಾರಸಿಯದು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ತಲೆಯಾಡಿಸಿದೆ. ಅವರ ಮುಖ ಬೆಳ್ಳಗಾಯಿತು. ಹೋದ ವರ್ಷ ಮೇಲಿನಿಂದ ಬಂದ ಒಂದು ಕಾಗದವನ್ನು ನೋಡದೆ ಬಿಟ್ಟಿದ್ದಕ್ಕೆ ಅವರ ಬಡ್ತಿ ನಿಂತಿತ್ತು. ಡ್ರಾಯರುಗಳನ್ನೆಲ್ಲ ಎಳೆದು ಹುಡುಕಿದರು. ಸಿಗದ ಕಾಗದ ಸಿಗಲಿಲ್ಲ. ಕೊನೆಗೆ ಪೆನ್ನು ತೆಗೆದು ಮೇಷ್ಟ್ರ ಪ್ರತಿಯ ಮೇಲೆಯೇ "ನೋಡಿದೆ, ಒಪ್ಪಿದೆ" ಎಂದು ಬರೆದು, ಹಿಂದಿನ ತಿಂಗಳ ತಾರೀಖು ಹಾಕಿ ಸಹಿ ಮಾಡಿದರು.

"ನಾಳೆ ನಾನೇ ಖುದ್ದಾಗಿ ಪರಿಶೀಲನೆಗೆ ಬರ್ತೀನಿ," ಎಂದರು. "ನಾಲ್ಕಕ್ಕೆ ಅಲ್ವಾ? ನಿಮ್ಮ ಕಟ್ಟಡಕ್ಕೇ ಬರ್ತೀನಿ."

ಭಾನುವಾರ ಬೆಳಿಗ್ಗೆ, ಎಲ್ಲ ಸರಿಯಾಗಿಯೇ ಇರುವಾಗ, ನಾನು ಟ್ಯೂನರಿನ ಧೂಳು ಒರೆಸಲು ಹೋದೆ. ಮಾವನವರು ಬಂದಾಗ ಹೊಳೆಯಲಿ ಎಂಬ ಆಸೆ. ಪ್ಲಗ್ ತೆಗೆದಿದ್ದೆ, ಆ ಪಾಠ ಕಲಿತಿದ್ದೆ. ಬ್ರಷ್ ಆಡಿಸುತ್ತಿದ್ದಂತೆ ಒಳಗಿನಿಂದ ಒಂದು ಸಣ್ಣ ತಂತಿ ಕಿತ್ತು ನನ್ನ ಕೈಗೆ ಬಂತು. ಎಲ್ಲಿಂದ ಬಂತು ಎಂದು ನೋಡಿದರೆ ಅದು ಬರಬಹುದಾದ ಜಾಗ ಹನ್ನೊಂದಿತ್ತು. ಪ್ಲಗ್ ಹಾಕಿ, ಟೈಲರ್ ಅಕ್ಕನಿಗೆ ಹೇಳಿ ಕಂಬಳಿ ಹಾಕಿಸಿದೆ. ಕಣ್ಣು ಉರಿಯಿತು, ಚೆನ್ನಾಗಿ ಮುಚ್ಚಿತು. ಸ್ಪೀಕರಿನಿಂದ ಮಾತ್ರ ಒಂದು ಚೂರೂ ಸದ್ದಿಲ್ಲ.

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಹೆಂಡತಿ ತಂತಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಆಮೇಲೆ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ, ಬೈಯಲಿಲ್ಲ.

"ಅಪ್ಪನಿಗೆ ಹೇಗೂ ಕೇಳಿಸಲ್ಲ," ಎಂದಳು. "ಬೇರೆಯವರಿಗೆ ನಾನು ಹೇಳ್ತೀನಿ."

ಅವಳು ಒಂದೊಂದೇ ಮನೆಗೆ ಹೋಗಿ, ಒಬ್ಬೊಬ್ಬರನ್ನೇ ಬದಿಗೆ ಕರೆದು, ನಿಮಗೊಬ್ಬರಿಗೆ ಮಾತ್ರ ಹೇಳುತ್ತಿದ್ದೇನೆ, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದು ವಿಷಯ ತಿಳಿಸಿ ಬಂದಳು. ಕಿವಿ ಕೇಳಿಸದಿರುವುದು, ಸದ್ದು ಬರದಿರುವುದು, ಸುಮ್ಮನೆ ತಲೆದೂಗಬೇಕಾದ್ದು. ಹೀಗೆ ಮಧ್ಯಾಹ್ನದ ಹೊತ್ತಿಗೆ ಕಟ್ಟಡದಲ್ಲಿದ್ದ ಹನ್ನೆರಡು ಜನರಿಗೂ ಗುಟ್ಟು ಗೊತ್ತಿತ್ತು, ಹನ್ನೆರಡು ಜನವೂ ತಮಗೊಬ್ಬರಿಗೇ ಗೊತ್ತು ಎಂದುಕೊಂಡಿದ್ದರು. ಕಂಬಳಿ ಏತಕ್ಕೆಂದು ಕೇಳಿದವರಿಗೆ ಅವಳು, ಅದು ಇಲಾಖೆಯದೇ ಬೇರೆ ವಿಷಯ ಎಂದುಬಿಟ್ಟಳು.

ಮೂರೂ ಮುಕ್ಕಾಲಿಗೆ ಮಾವ ಅತ್ತೆ ಬಂದರು. ಮಾವ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಸಭೆಗೆ ಬಂದವರ ಹಾಗಿದ್ದರು. ಹಿಂದೆಯೇ ಸೂಪರಿಂಟೆಂಡೆಂಟರು ಬಂದು ತಾರಸಿಗೆ ಹೋದರು. ಮೇಲೆ ಡ್ರಿಲ್ ಮೇಷ್ಟ್ರು ಪೀಪಿ ಊದಿದ ಸದ್ದು ಕೇಳಿತು. ಆರು ಒದ್ದೆ ಕಂಬಳಿಗಳು ಒಟ್ಟಿಗೆ ತಂತಿಯ ಮೇಲೆ ಬಿದ್ದ ಸದ್ದೂ ಕೇಳಿತು. ಮೇಷ್ಟ್ರು ಹೇಳುವ ಪ್ರಕಾರ ನಾಲ್ಕು ಬೀದಿಯ ತಾರಸಿಗಳ ಮೇಲೆಲ್ಲ ಕಂಬಳಿಗಳಿದ್ದವಂತೆ, ಸೂಪರಿಂಟೆಂಡೆಂಟರು ಅದನ್ನು ನೋಡಿ ಕನ್ನಡಕ ತೆಗೆದರಂತೆ.

ಮಾವ ಟ್ಯೂನರಿನ ಮುಂದೆ ಕುರ್ಚಿ ಎಳೆದುಕೊಂಡು, ಎಡಗೈಯನ್ನು ಪಕ್ಕದ ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟುಕೊಂಡು, ಬಲಗೈಯಿಂದ ಗುಂಡಿ ತಿರುಗಿಸಿದರು. ಮುಳ್ಳು ಸರಿಯಿತು. ಹಸಿರಿನ ನಡುವಿನ ಸಂದು ಕಿರಿದಾಯಿತು, ಇನ್ನೂ ಕಿರಿದಾಯಿತು, ಮುಚ್ಚಿಕೊಂಡಿತು. ಮಾವನವರ ಕೈ ಗುಂಡಿಯ ಮೇಲೆ ಹಾಗೇ ನಿಂತಿತು. ಅವರು ನನ್ನ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಒಂದು ಸುಳ್ಳು ಇಷ್ಟು ಸಂತೋಷ ಕೊಟ್ಟೀತೆಂದು ನಾನು ಎಣಿಸಿರಲಿಲ್ಲ.

ಕಟ್ಟಡದವರೆಲ್ಲ ಒಬ್ಬೊಬ್ಬರೇ ಒಳಗೆ ಬಂದು ನೆಲದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕುಳಿತರು. ಕೋಣೆಯಲ್ಲಿ ಪಿನ್ನು ಬಿದ್ದರೂ ಕೇಳುವಂಥ ನಿಶ್ಶಬ್ದ. ಡ್ರಿಲ್ ಮೇಷ್ಟ್ರು ಬೆತ್ತದಿಂದ ತೊಡೆಯ ಮೇಲೆ ತಾಳ ಹಾಕಿದರು. ಟೈಲರ್ ಅಕ್ಕ ಕಣ್ಣು ಮುಚ್ಚಿ ತಲೆದೂಗಿದಳು. ಪಕ್ಕದ ಮನೆಯ ಹೆಂಗಸು ಎಲ್ಲರಿಗಿಂತ ಮುಂದೆ ಹೋಗಿ "ಆಹಾ" ಎಂದಳು. ಆಗ ತಾರಸಿಯಿಂದ ಸೂಪರಿಂಟೆಂಡೆಂಟರು ಇಳಿದು ಬಂದರು.

ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಬಾಗಿಲಲ್ಲಿ ನಿಂತು ಉರಿಯುವ ರೇಡಿಯೋ ನೋಡಿದರು, ಮೈಮರೆತು ಕೂತ ಹದಿನಾರು ಜನರನ್ನು ನೋಡಿದರು. ಕಿರುಬೆರಳನ್ನು ಬಲಕಿವಿಗೆ ಹಾಕಿ ಅಲುಗಾಡಿಸಿದರು. ಆಮೇಲೆ ಎಡಕಿವಿಗೆ. ನಿವೃತ್ತಿಗೆ ಮೂರು ವರ್ಷವಿದ್ದ ಮನುಷ್ಯ, ಕಿವಿ ಮಂದವಾಗಿದೆ ಎಂದು ಅಧೀನ ನೌಕರನ ಮುಂದೆ ತೋರಿಸಿಕೊಳ್ಳುವುದು ಹೇಗೆ? ಖಾಲಿ ಕುರ್ಚಿಯಲ್ಲಿ ಮೆಲ್ಲಗೆ ಕುಳಿತು ತಲೆದೂಗಲು ಶುರು ಮಾಡಿದರು.

"ಎಂಥಾ ಕೈ," ಎಂದರು ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಬಾಗಿ.

"ಹೌದು ಸಾರ್," ಎಂದೆ.

"ಪಿಟೀಲು ತಾನೆ?"

"ಪಿಟೀಲೇ ಸಾರ್."

ಅಲ್ಲಿಂದ ಮುಂದೆ ಅವರ ತಲೆ ನಿಲ್ಲಲಿಲ್ಲ. ನಾನು ಗಡಿಯಾರ ನೋಡುತ್ತ ಕುಳಿತೆ. ಸದ್ದಿಲ್ಲದ ಒಂದು ಗಂಟೆ ಎಷ್ಟು ಉದ್ದವಿರುತ್ತದೆಂದು ಕುಳಿತವರಿಗೇ ಗೊತ್ತು. ಕೊನೆಗೂ ಐದಾಯಿತು. ನಾನು ಎದ್ದು ಸ್ವಿಚ್ಚಿನ ಕಡೆ ಕೈ ಚಾಚಿದೆ. ಮಾವ ನನ್ನ ಕೈ ಹಿಡಿದು ಕೂರಿಸಿದರು.

"ಇರಪ್ಪ. ಬೇರೆ ಸ್ಟೇಷನ್ನಿನಲ್ಲಿ ಇನ್ನೊಂದು ಕಾರ್ಯಕ್ರಮ ಇದೆ. ಆರರ ತನಕ."

ಕೋಣೆಯಲ್ಲಿ ಹದಿನಾರು ಜನರ ನಿಟ್ಟುಸಿರು ಒಟ್ಟಿಗೆ ಬಿತ್ತು. ಮುಳ್ಳು ಸರಿಯಿತು. ಕಣ್ಣು ಮುಚ್ಚಬೇಕಾದದ್ದು ಮುಚ್ಚಲಿಲ್ಲ, ಅರ್ಧಕ್ಕೆ ನಿಂತಿತು. ಮೇಲೆ ಕಂಬಳಿಗಳು ಒಣಗುತ್ತಿದ್ದವು. ನಾನು ಡ್ರಿಲ್ ಮೇಷ್ಟ್ರ ಮುಖ ನೋಡಿದೆ. ಅವರಿಗೇನು ಅರ್ಥವಾಯಿತೋ, ಸೂಪರಿಂಟೆಂಡೆಂಟರಿಗೆ ಒಂದು ಸಲ್ಯೂಟ್ ಹೊಡೆದು ಎದ್ದು ಓಡಿದರು. ಮೆಟ್ಟಿಲ ಮೇಲೆ ಬಕೆಟ್ಟಿನ ಸದ್ದು ಕೇಳಿತು, ತಾರಸಿಯಲ್ಲಿ ನೀರು ಸುರಿದ ಸದ್ದು ಕೇಳಿತು. ಕಣ್ಣು ಮುಚ್ಚಿಕೊಂಡಿತು. ನಮ್ಮ ಕಟ್ಟಡದ ಟ್ಯಾಂಕು ಆ ಒಂದು ಗಂಟೆಯಲ್ಲಿ ಬರಿದಾಯಿತು. ಒತ್ತಡ ಇಳಿದದ್ದನ್ನು ಸೂಪರಿಂಟೆಂಡೆಂಟರು ತಲೆದೂಗುತ್ತಲೇ ಪುಸ್ತಕದಲ್ಲಿ ಗುರುತು ಮಾಡಿಕೊಂಡರು.

ಆರು ಹೊಡೆಯಿತು. ಮಾವ ತಾವೇ ಸ್ವಿಚ್ಚು ತೆಗೆದರು.

"ಎರಡನೇದು ಇನ್ನೂ ಚೆನ್ನಾಗಿತ್ತು, ಅಲ್ವಾ?" ಎಂದು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

"ಮೊದಲನೇದರಲ್ಲಿ ಒಂದು ಗಾಂಭೀರ್ಯ ಇತ್ತು," ಎಂದರು ಸೂಪರಿಂಟೆಂಡೆಂಟರು. ಸೋಮವಾರ ಅರ್ಧ ದಿನ ರಜೆ ಹಾಕಿ ಕಿವಿಯ ಡಾಕ್ಟರ ಬಳಿ ಹೋದರೆಂದು ಆಮೇಲೆ ತಿಳಿಯಿತು. ಕಿವಿ ಚೆನ್ನಾಗಿದೆ ಎಂದ ಡಾಕ್ಟರನ್ನು ಅವರು ಈಗಲೂ ನಂಬಿಲ್ಲ.

ಎಲ್ಲರೂ ಹೋದರು. ಅತ್ತೆ ಮತ್ತು ನನ್ನ ಹೆಂಡತಿ ಬಾಡಿಗೆ ಕಾರು ಕರೆಯಲು ಕೆಳಗಿಳಿದರು. ನಾನು ಟ್ಯೂನರಿಗೆ ಬಟ್ಟೆ ಹೊದಿಸುತ್ತಿದ್ದೆ. ಮಾವ ಕುರ್ಚಿಯಿಂದ ಏಳಲಿಲ್ಲ. ಅವರ ಎಡಗೈ ಇನ್ನೂ ಸ್ಪೀಕರ್ ಪೆಟ್ಟಿಗೆಯ ಮೇಲೇ ಇತ್ತು.

"ಮೂವತ್ತೆರಡು ವರ್ಷ ಯಂತ್ರದ ಮೈಮೇಲೆ ಕೈ ಇಟ್ಟು ಕೆಲಸ ಮಾಡಿದೋನು ನಾನು," ಎಂದರು. "ಸ್ಟೇಷನ್ ಹುಡುಕೋಕೆ ಆ ಕಣ್ಣು ಬೇಕು, ಸಿಕ್ಕ ಮೇಲೆ ಹಾಡು ಬಂದ್ರೆ ಈ ಪೆಟ್ಟಿಗೆ ನಡುಗುತ್ತೆ. ಪಿಟೀಲಿಗೆ ಒಂಥರಾ, ಮಾತಿಗೆ ಒಂಥರಾ. ಇವತ್ತು ಕಲ್ಲಿನ ಹಾಗೆ ಕೂತಿತ್ತು."

ಬಾಯಿ ತೆರೆದೆ. ಮಾತಾಡಿದರೆ ಅವರಿಗೆ ಕೇಳುವುದಿಲ್ಲವೆಂದು ನೆನಪಾಗಿ ಮುಚ್ಚಿದೆ. ಗಡಿಯಾರದ ಕಡೆ ಬೆರಳು ತೋರಿಸಿ, ಯಾವಾಗ ಗೊತ್ತಾಯಿತು ಎಂದು ಕೈ ಆಡಿಸಿದೆ.

"ನಾಲ್ಕು ಗಂಟೆ ಒಂದು ನಿಮಿಷಕ್ಕೆ."

ಮತ್ತೆ ಎರಡು ಗಂಟೆ ಯಾಕೆ ಕೂತಿದ್ದಿರಿ ಎಂದು ಎರಡು ಬೆರಳು ಎತ್ತಿದೆ. ಮಾವ ನಕ್ಕರು. ಅವರು ನನ್ನೆದುರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎರಡು ವರ್ಷದಿಂದ ಕೇಳದೇ ಇರೋದಕ್ಕೆ ನಾನೊಬ್ಬನೇ ತಲೆದೂಗ್ತಾ ಇದ್ದೆ. ಇವತ್ತು ಒಂದು ಮನೆ ತುಂಬ ಜನ ಜೊತೆಗೆ ಕೂತರು. ಎದ್ದು ಹೋಗೋಕೆ ಮನಸ್ಸು ಬರಲಿಲ್ಲ," ಎಂದು ಮೊಣಕಾಲು ಹಿಡಿದು ಎದ್ದರು. ಬಾಗಿಲ ಬಳಿ ನಿಂತು ಹಿಂತಿರುಗಿ ನೋಡಿದರು. "ಧ್ವನಿ ಸರಿ ಮಾಡಿಸಬೇಡ, ಹಾಗೇ ಇರ್ಲಿ. ಮುಂದಿನ ಭಾನುವಾರಕ್ಕೂ ಎಲ್ಲರನ್ನೂ ಕರಿ. ಆ ಕನ್ನಡಕದವರನ್ನ ಮಾತ್ರ ಮರೀಬೇಡ. ಅವರಷ್ಟು ಚೆನ್ನಾಗಿ ಕೇಳೋರನ್ನ ನಾನು ನೋಡಿಲ್ಲ."